ಅಚ್ಚಿಗೆ ಹಚ್ಚಿದ ಕೊಬ್ಬರಿ ಎಣ್ಣೆ

ಏಪ್ರಿಲ್ ತಿಂಗಳ ಎರಡನೇ ಶನಿವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ತೋಟಾವನ್ನು ಒಳಕ್ಕೆ ತಳ್ಳಿ ಮುಚ್ಚುವ ನನ್ನ ರೈಫಲ್ಲಿನ ಬೋಲ್ಟು ಅರ್ಧ ದಾರಿಯಲ್ಲಿ ನಿಂತಿತು. ಮುಂದಕ್ಕೆ ತಳ್ಳಿದರೆ ಹೋಗಲಿಲ್ಲ, ಹಿಂದಕ್ಕೆ ಎಳೆದರೆ ಬರಲಿಲ್ಲ. ಒಳಗೆ ಮದ್ದು ತುಂಬಿದ ತೋಟಾ ಸಿಕ್ಕಿಕೊಂಡಿತ್ತು. ಬೆರಳನ್ನು ಟ್ರಿಗರ್‌ನಿಂದ ದೂರವಿಟ್ಟು ಎಡಗೈ ಎತ್ತಿದೆ. ಗುರಿ ಹೊಡೆಯುವ ಪಂದ್ಯದ ಸಾಲಿನಲ್ಲಿ ಮಲಗಿದ್ದ ಉಳಿದ ಇಪ್ಪತ್ತೊಂದು ಮಂದಿಯೂ ನಿಲ್ಲಿಸಬೇಕಾಯಿತು.

ಪಂದ್ಯ ನಡೆಸುವ ಹೆಂಗಸು ಮರದ ಸುತ್ತಿಗೆ ಹಿಡಿದು ಬಂದಳು. ನಳಿಕೆ ಗುಡ್ಡದ ಕಡೆಗೇ ಇರಲಿ ಎಂದು ಹೇಳಿ, ಬೋಲ್ಟಿನ ಹಿಡಿಯನ್ನು ಹಿಂದಕ್ಕೆ ಮೆಲ್ಲನೆ ತಟ್ಟಿದಳು. ನಾಲ್ಕನೇ ಪೆಟ್ಟಿಗೆ ತೋಟಾ ಹೊರಬಂತು. ಯಾರಿಗೂ ಏನೂ ಆಗಲಿಲ್ಲ. ಒಟ್ಟು ಹನ್ನೊಂದು ನಿಮಿಷ. ಆಕೆ ರೇಂಜಿನ, ಅಂದರೆ ಗುರಿ ಹೊಡೆಯುವ ಮೈದಾನದ, ಪುಸ್ತಕದಲ್ಲಿ ಎರಡು ಸಾಲು ಬರೆದು ನನಗೆ ತೋರಿಸಿದಳು: ತೋಟಾ ತುಂಬಿದವರ ತಪ್ಪು. ಮುಂದೆ ತಿಳಿಸುವವರೆಗೆ ಇವರು ಅಂಗಡಿಯ ತೋಟಾ ಮಾತ್ರ ಬಳಸಬೇಕು.

ಎರಡನೇ ಸಾಲು ನ್ಯಾಯವಾದದ್ದೇ. ಮೊದಲನೆಯದು ನನ್ನನ್ನು ಕೊರೆಯಿತು. ನಾನು ಕೊಲ್ಲಿಯ ದಂಡೆಯ ಫಾಸ್ಟರ್ ಸಿಟಿಯ ಲ್ಯಾಬೊಂದರಲ್ಲಿ ತಕ್ಕಡಿ, ಪಿಪೆಟ್ಟುಗಳ ಅಳತೆ ಸರಿಯಿದೆಯೇ ಎಂದು ಪರೀಕ್ಷಿಸುವವಳು. ತಪ್ಪು ಎಂದರೆ ಸಾಲದು, ಯಾವ ತಪ್ಪು, ಎಷ್ಟು ತಪ್ಪು ಎಂದು ಬರೆಯುವುದೇ ನನ್ನ ಕೆಲಸ. ನನ್ನ ತೋಟಾಗಳನ್ನು ನಾನೇ ತುಂಬಿ, ನನ್ನ ಹೆಸರಿನಲ್ಲೇ ಅದೇ ಸಾಲಿಗೆ ಮರಳಬೇಕು ಎಂದು ಅಲ್ಲೇ ನಿಶ್ಚಯಿಸಿದೆ.

ಆ ಮಧ್ಯಾಹ್ನವೇ ಗ್ಯಾರೇಜಿನಲ್ಲಿ ಕುಳಿತು ನೋಟ್‌ಬುಕ್ ತೆರೆದೆ. ಗುಂಡು ಹಾರಿದಾಗ ತೋಟಾದ ಹಿತ್ತಾಳೆಯ ಕೇಸು ಉಬ್ಬಿ, ನಳಿಕೆಯ ಬುಡದಲ್ಲಿ ತೋಟಾ ಕೂರುವ ಚೇಂಬರಿನ ಗೋಡೆಗೆ ಅಂಟುತ್ತದೆ. ಮತ್ತೆ ತುಂಬಬೇಕಾದರೆ ಅದನ್ನು ಡೈ ಎಂಬ ಉಕ್ಕಿನ ಅಚ್ಚಿನೊಳಕ್ಕೆ ಪ್ರೆಸ್ಸಿನಿಂದ ತೂರಿಸಿ ಹಿಂದಿನ ಅಳತೆಗೆ ತರಬೇಕು. ಅಚ್ಚುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಕೇಸಿನ ಕತ್ತನ್ನು ಮಾತ್ರ ಹಿಸುಕುತ್ತದೆ. ಇನ್ನೊಂದು ಇಡೀ ಮೈಯನ್ನು ಹಿಸುಕಿ, ಕತ್ತಿನ ಕೆಳಗಿನ ಇಳಿಜಾರನ್ನು, ಅಂದರೆ ಭುಜವನ್ನು, ಕೂದಲೆಳೆಯಷ್ಟು ಹಿಂದಕ್ಕೆ ತಳ್ಳುತ್ತದೆ. ನಾನು ಬಳಸುತ್ತಿದ್ದುದು ಕತ್ತಿನ ಅಚ್ಚು.

ಪ್ರತಿ ಸಲ ಬೋಲ್ಟು ಮುಚ್ಚುವಾಗ ಅದು ಹಗುರವೋ ಬಿಗಿಯೋ ಎಂದು ಗುರುತು ಹಾಕುವ ಅಭ್ಯಾಸ ನನಗಿದೆ. ಐವತ್ತು ಕೇಸುಗಳ ಲೆಕ್ಕ ಹೀಗಿತ್ತು. ಎರಡನೇ ತುಂಬಿಕೆಯಲ್ಲಿ ಬಿಗಿ, ಸೊನ್ನೆ. ಮೂರನೆಯದರಲ್ಲಿ ಏಳು. ನಾಲ್ಕನೆಯದರಲ್ಲಿ ಹತ್ತೊಂಬತ್ತು. ಐದನೆಯದರಲ್ಲಿ ಸಿಕ್ಕಿಹಾಕಿಕೊಂಡಿತು. ಕೇಸಿನ ಭುಜ ಪ್ರತಿ ಸಲವೂ ಇಷ್ಟಿಷ್ಟೇ ಮುಂದೆ ಬೆಳೆದು ಚೇಂಬರನ್ನು ತುಂಬಿಕೊಳ್ಳುತ್ತಿತ್ತು, ನಾನು ಬರೀ ಕತ್ತು ಹಿಸುಕುತ್ತಿದ್ದೆ. ಎಲ್ಲವನ್ನೂ ನನ್ನ ಕೈಯಿಂದಲೇ ಬರೆದಿಟ್ಟಿದ್ದೆ. ಬರೆದದ್ದನ್ನು ಓದಿರಲಿಲ್ಲ. ಕಾರಣ, ಕತ್ತಿನ ಅಚ್ಚೇ ಸರಿ ಎಂದು ಅಂಕಲ್ ಹೇಳಿದ್ದರು.

ಅಂಕಲ್ ನನಗೆ ಸಂಬಂಧಿಕರಲ್ಲ. ಮೈಸೂರಿನವರು, ನಿವೃತ್ತ ಎಂಜಿನಿಯರು, ರೇಂಜು ನಡೆಸುವ ಕ್ಲಬ್ಬಿನ ಹಳೆಯ ಸದಸ್ಯರು. ನನ್ನನ್ನು ರೇಂಜಿಗೆ ಮೊದಲು ಕರೆತಂದವರೂ ಅವರೇ. ಮರುದಿನ ಭಾನುವಾರ ಫೋನ್ ಮಾಡಿದರು.

"ನೋಡಮ್ಮಾ, ಬೇಜಾರು ಮಾಡ್ಕೋಬೇಡ. ಕತ್ತು ಮಾತ್ರ ಹಿಸುಕೋ ನೆಕ್ ಸೈಜಿಂಗ್ ತಪ್ಪಲ್ಲ. ಮಾಡೋ ರೀತಿ ಇದೆಯಲ್ಲ, ಅದು ತಪ್ಪು."

"ಏನ್ ತಪ್ಪಾಯ್ತು ಅಂಕಲ್?"

"ಅದೆಲ್ಲ ಫೋನಲ್ಲಿ ಹೇಳೋದಲ್ಲ. ಅನುಭವದಲ್ಲಿ ಬರುತ್ತೆ."

"ನಿಮ್ಮ ಕೇಸು ಐದನೇ ಸಲಕ್ಕೆ ಎಷ್ಟು ಬೆಳೆದಿರುತ್ತೆ, ಅಳೆದಿದೀರಾ?"

"ಅಳೆಯೋದು ಯಾಕೆ? ಕೈಗೆ ಗೊತ್ತಾಗುತ್ತಲ್ಲ."

ಫೋನ್ ಇಟ್ಟ ಮೇಲೆ ಆ ಮಾತನ್ನು ಇದ್ದ ಹಾಗೇ ಬರೆದುಕೊಂಡೆ. ಅದೇ ವಾರ ಇಡೀ ಮೈಯ ಅಚ್ಚಿಗೆ ಆರ್ಡರು ಹಾಕಿದೆ. ಅದೂ ಸಾದಾ ಅಚ್ಚು, ಕತ್ತಿನ ಅಳತೆಗೆ ತಕ್ಕಂತೆ ಬಿಡಿ ಉಂಗುರಗಳನ್ನು ಬದಲಿಸುವ ನಾಜೂಕಿನದಲ್ಲ. ಒಂದು ಸಲಕ್ಕೆ ಒಂದೇ ಸಂಗತಿ ಬದಲಾಗಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಅಚ್ಚು ಮೇ ಮೊದಲ ವಾರ ಬಂತು. ಗ್ಯಾರೇಜು ಅತ್ತೆಯದು. ನಮ್ಮಪ್ಪನ ತಂಗಿ, ಮಂಡ್ಯದ ಕಡೆಯವರು. ಅವರ ಮನೆಯ ಮಹಡಿಯ ಕೋಣೆಯಲ್ಲಿ ನಾನಿರುವುದು. ಮದ್ದು, ಅದಕ್ಕೆ ಕಿಡಿ ಹೊತ್ತಿಸುವ ಪ್ರೈಮರು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಬೇರೆಬೇರೆಯಾಗಿ ಇರಬೇಕು, ಅಡುಗೆ ಮನೆಗೆ ಸೀಸ ಹತ್ತಿದ ಕೈ ತರಬಾರದು ಎಂಬ ಎರಡು ಕರಾರಿನ ಮೇಲೆ ಜಾಗ ಕೊಟ್ಟಿದ್ದರು. ಭಾನುವಾರ ಬಟ್ಟೆ ಒಗೆಯುವ ಯಂತ್ರದ ಬಳಿ ಬಂದವರು ನನ್ನ ಕೈಯಲ್ಲಿದ್ದುದನ್ನು ನೋಡಿದರು.

"ಏನವ್ವ ಅದು?"

"ಡೈ, ಅತ್ತೆ."

"ತಲೆಗ್ ಹಾಕೋದಾ? ಇಪ್ಪತ್ತಾರಕ್ಕೇ ಬೆಳ್ಳಗಾಯ್ತಾ ನಿಂಗೆ?"

"ಅದಲ್ಲ. ಕೇಸನ್ನ ಇದ್ರೊಳಗೆ ಒತ್ತಿ ಶೇಪ್ ತರೋದು."

"ಹಂಗಾದ್ರೆ ಅಚ್ಚು ಅನ್ನು. ನಮ್ಮ ಆಲೆಮನೇಲಿ ಬೆಲ್ಲ ಹುಯ್ಯೋಕೆ ಇರ್ಲಿಲ್ವಾ, ಹಂಗೆ." ಅಚ್ಚನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದು ಒಳಗೆ ನೋಡಿದರು. "ಒಣಗೈತಲ್ಲೇ ಇದು. ಅಚ್ಚು ಒಣಗಿದ್ರೆ ಬಿಡಾಕಿಲ್ಲ ಕಣೆ, ಕಚ್ಕೊಂಬುಡ್ತದೆ. ಅಚ್ಚು ನೆನೀಬೇಕು. ನಾವು ನೀರಾಕ್ತಿದ್ವಿ. ಇದು ಕಬ್ಬಿಣ, ನೀರಾಕಿದ್ರೆ ತುಕ್ಕು ಹಿಡೀತದೆ. ಎಣ್ಣೆ ಸವರು."

ಕೇಸು ಅಚ್ಚಿನಲ್ಲಿ ಕಚ್ಚಿಕೊಂಡರೆ ಬಿಡಿಸುವುದು ದೊಡ್ಡ ರಾಮಾಯಣ. ಅದರ ಬುಡಕ್ಕೆ ತೂತು ಕೊರೆದು, ಒಳಗೆ ತಿರುಪಿನ ಗೆರೆ ಕೊರೆದು, ಸ್ಕ್ರೂ ತಿರುಗಿಸಿ ಎಳೆಯಬೇಕು. ಜಾರಿಸಲು ಏನಾದರೂ ಹಚ್ಚಲೇಬೇಕು ಎಂದು ಕೈಪಿಡಿಯಲ್ಲೂ ಓದಿದ್ದೆ. ಅತ್ತೆ ಒಳಗಿನಿಂದ ಕೊಬ್ಬರಿ ಎಣ್ಣೆಯ ಬಾಟಲಿ ತಂದುಕೊಟ್ಟರು. ಅದರ ವಾಸನೆಗೆ ಮನಸ್ಸು ಹಗುರವಾಯಿತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದ್ದಿ ಅಚ್ಚಿನ ಒಳಮೈಗೆ ಸವರಿದೆ. ಐದು ಕೇಸಿಗೊಮ್ಮೆ ಮತ್ತೆ ಸವರುವುದು ಎಂದು ನಿಯಮ ಮಾಡಿಕೊಂಡೆ.

ಅಭ್ಯಾಸಕ್ಕೆಂದು ರೇಂಜಿನಲ್ಲಿ ಆರಿಸಿ ತಂದ ಹಳೆಯ ಕೇಸುಗಳಿದ್ದವು. ಮೊದಲ ಭಾನುವಾರ ಇಪ್ಪತ್ತು ಒತ್ತಿದೆ. ಒಂದೂ ಕಚ್ಚಲಿಲ್ಲ. ಆದರೆ ಆರು ಕೇಸುಗಳ ಭುಜದ ಮೇಲೆ ಹೆಬ್ಬೆರಳಿನಿಂದ ಒತ್ತಿದಂತೆ ತಗ್ಗು ಬಿದ್ದಿತ್ತು. ಎರಡನೇ ಭಾನುವಾರ ಇಪ್ಪತ್ತರಲ್ಲಿ ಏಳು. ಭುಜ ಹಿಂದೆ ಸರಿದ ಅಳತೆಯೂ ಒಂದರಂತೆ ಒಂದಿರಲಿಲ್ಲ. ಇಂಚಿನ ಸಾವಿರದಲ್ಲಿ ಒಂದು ಭಾಗಕ್ಕೆ ನಮ್ಮ ರೇಂಜಿನವರು ಥೌ ಎನ್ನುತ್ತಾರೆ. ಒಂದು ಕೇಸು ಒಂದು ಥೌ ಸರಿದರೆ ಪಕ್ಕದ್ದು ಐದು ಥೌ.

ಅಚ್ಚು ಮಾಡಿದವರಿಗೆ ಫೋನ್ ಮಾಡಿದೆ. ಅಲ್ಲಿದ್ದ ಮನುಷ್ಯ ತಾಳ್ಮೆಯಿಂದ ಕೇಳಿಸಿಕೊಂಡು, ಕೇಸಿಗೆ ಎಣ್ಣೆ ಜಾಸ್ತಿ ಆಗಿದೆ ಎಂದ.

"ಕೇಸಿಗೆ ನಾನು ಒಂದು ಹನಿಯೂ ಹಚ್ಚಿಲ್ಲ," ಎಂದೆ.

"ಒಂದು ಹನಿಯೂ?"

"ಒಂದೂ ಇಲ್ಲ."

ಅದು ಅಕ್ಷರಶಃ ನಿಜ. ಹಚ್ಚಿದ್ದು ಅಚ್ಚಿಗೆ. ಆತ, ಹಾಗಾದರೆ ಅಚ್ಚೇ ಕೆಟ್ಟಿರಬೇಕು, ಬೇರೆ ಕಳಿಸುತ್ತೇನೆ ಎಂದ. ಪಾಪ, ಅವನ ಕಡೆಯಿಂದ ಯಾವ ಲೋಪವೂ ಇರಲಿಲ್ಲ.

ಜೂನ್ ಮೊದಲ ಭಾನುವಾರ, ಹೊಸ ಅಚ್ಚು, ಹಳೆಯ ಎಣ್ಣೆ. ಇಪ್ಪತ್ತರಲ್ಲಿ ಎಂಟು ತಗ್ಗು. ಅದೇ ದಿನ ಅಂಕಲ್ ಮನೆಗೆ ಬಂದರು. ತಮ್ಮ ಕತ್ತಿನ ಅಚ್ಚನ್ನು ಮಖಮಲ್ಲಿನ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ನನ್ನ ತಗ್ಗು ಬಿದ್ದ ಕೇಸುಗಳನ್ನು ಒಂದೊಂದಾಗಿ ಎತ್ತಿ ನೋಡಿ ಅತ್ತೆಯ ಕಡೆ ತಿರುಗಿದರು.

"ನೋಡಿಮ್ಮಾ, ನಿಮ್ಮ ಸೊಸೆಗೆ ಹೇಳಿ. ಹಟ ಜಾಸ್ತಿ. ಇಪ್ಪತ್ತು ವರ್ಷದಿಂದ ಮಾಡ್ತಿರೋನ ಮಾತು ಕೇಳಲ್ಲ ಅಂದ್ರೆ ಹೇಗೆ?"

"ನಮ್ಮನೆ ಹೆಣ್ಮಕ್ಳಿಗೆ ಹಟ ಬಿಟ್ರೆ ಇನ್ನೇನೈತೆ ಸಾರ್," ಎಂದರು ಅತ್ತೆ. "ಕಾಫಿ ಕುಡಿದು ಹೋಗಿ."

"ಇದನ್ನ ಇಟ್ಕೋ," ಎಂದು ಅಂಕಲ್ ತಮ್ಮ ಅಚ್ಚನ್ನು ನನ್ನ ಮುಂದಿಟ್ಟರು. "ವಾಪಸ್ ಕೊಡೋದೇನೂ ಬೇಡ. ಇದ್ರಲ್ಲಿ ಮಾಡು, ಮುಂದಿನ ತಿಂಗಳು ನಾನೇ ಮಾತಾಡಿ ನಿನ್ನ ತೋಟಾ ಸಮೇತ ಲೈನಿಗೆ ಸೇರಿಸ್ತೀನಿ."

"ಬೇಡ ಅಂಕಲ್."

"ಯಾಕಮ್ಮ?"

"ಐದನೇ ಸಲಕ್ಕೆ ಮತ್ತೆ ಸಿಕ್ಕಾಕ್ಕೊಳ್ಳುತ್ತೆ."

"ನನ್ನದು ಸಿಕ್ಕಾಕ್ಕೊಂಡಿಲ್ವಲ್ಲ?"

"ನೀವು ಮೂರು ಸಲ ಹೊಡೆದು ಕೇಸು ಬಿಸಾಕ್ತೀರಿ. ರೇಂಜಲ್ಲಿ ನಿಮ್ಮ ಕಸದ ಬಕೆಟ್ಟಿಂದ್ಲೇ ಇವನ್ನ ನಾನು ಆರಿಸ್ಕೊಂಡು ಬಂದಿರೋದು."

ಅವರು ಅಚ್ಚನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು, ಕಾಫಿ ಕುಡಿಯದೇ ಹೋದರು. ಅತ್ತೆ ಅವರ ಲೋಟವನ್ನು ನನ್ನ ಕಡೆ ಸರಿಸಿದರು. ಹಿರಿಯರಿಗೆ ಹೀಗೆ ಮಾತಾಡಿದೆನಲ್ಲ ಎಂದು ಕಿವಿ ಬಿಸಿಯಾಗಿತ್ತು. ಅವರು ನನಗೆ ಹೇಳಿಕೊಟ್ಟದ್ದು ಬಹಳ ಇದೆ. ಉಸಿರು ಹಿಡಿಯುವುದು, ಗಾಳಿ ಓದುವುದು, ಸೋತ ದಿನ ಸುಮ್ಮನೆ ಸಾಮಾನು ಕಟ್ಟಿಕೊಂಡು ಹೊರಡುವುದು. ಆದರೂ ಆ ಅಚ್ಚನ್ನು ತೆಗೆದುಕೊಳ್ಳಲು ಕೈ ಬರಲಿಲ್ಲ.

ಅದಾದ ನಾಲ್ಕು ದಿನಕ್ಕೆ ಸೆಕೆ ಶುರುವಾಯಿತು. ಕೊಲ್ಲಿಯ ಮಂಜು ಬರುವುದೇ ನಿಂತು ಹೋಯಿತು. ಆಫೀಸಿಗೆ ಅರ್ಧ ದಿನ ರಜೆ ಹಾಕಿ ಮಧ್ಯಾಹ್ನ ಮೂರಕ್ಕೆ ಗ್ಯಾರೇಜಿಗೆ ಇಳಿದೆ. ಇಪ್ಪತ್ತು ಒತ್ತಿದೆ. ತಗ್ಗು, ಒಂದು. ಅದೇ ಅಚ್ಚು, ಅದೇ ಎಣ್ಣೆ, ಅದೇ ಕೈ. ಭಾನುವಾರ ಬೆಳಿಗ್ಗೆ ಮತ್ತೆ ಮಂಜು ಮುಸುಕಿತ್ತು. ಇಪ್ಪತ್ತರಲ್ಲಿ ಏಳು.

ಈ ಸಲ ಬರೆದದ್ದನ್ನು ಓದಿದೆ. ನನ್ನ ಪ್ರತಿ ಪುಟದ ಮೇಲ್ತುದಿಯಲ್ಲಿ ದಿನ, ಗಂಟೆ, ಗ್ಯಾರೇಜಿನ ಶಾಖ ಇರುತ್ತವೆ. ಹದಿನಾಲ್ಕು ಡಿಗ್ರಿ, ಆರು. ಹದಿಮೂರು, ಏಳು. ಹದಿನಾಲ್ಕು, ಎಂಟು. ಮೂವತ್ತು, ಒಂದು. ಹದಿನಾಲ್ಕು, ಏಳು. ಉಕ್ಕಿಗೆ ಈ ಶಾಖದ ವ್ಯತ್ಯಾಸ ಲೆಕ್ಕಕ್ಕಿಲ್ಲ, ಹಿತ್ತಾಳೆಗೂ ಇಲ್ಲ. ಹದಿನಾಲ್ಕಕ್ಕೂ ಮೂವತ್ತಕ್ಕೂ ಬೇರೆಯಾಗುವುದು ಆ ಮೇಜಿನ ಮೇಲೆ ಇನ್ಯಾವುದಿದೆ? ತಲೆಯೆತ್ತಿ ನೋಡಿದೆ. ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟಿ ಕುಳಿತಿತ್ತು. ಪ್ರತಿ ಭಾನುವಾರ ನಾನು ಅದನ್ನು ಅಡುಗೆ ಮನೆಯಲ್ಲಿ ಬಿಸಿನೀರಿನಲ್ಲಿ ಕರಗಿಸಿ ತರುತ್ತಿದ್ದೆ. ತಣ್ಣನೆಯ ಅಚ್ಚಿನೊಳಗೆ ಅದು ಏನಾಗುತ್ತದೆ ಎಂದು ಯೋಚಿಸಿರಲಿಲ್ಲ.

ಅಚ್ಚಿನ ಭುಜದ ಹತ್ತಿರ ಒಂದು ಸಣ್ಣ ರಂಧ್ರವಿದೆ. ಕೇಸು ಒಳಹೋಗುವಾಗ ಗಾಳಿ, ಹೆಚ್ಚಿನ ಎಣ್ಣೆ ಹೊರಹೋಗಲು ಇಟ್ಟದ್ದು. ಅತ್ತೆಯ ಹೊಲಿಗೆ ಸೂಜಿಯನ್ನು ಅದರೊಳಕ್ಕೆ ಚುಚ್ಚಿದೆ. ಇನ್ನೊಂದು ತುದಿಯಲ್ಲಿ ಬಿಳಿಯ ಶಾವಿಗೆಯಂಥ ಎಣ್ಣೆಯ ಎಳೆಯೊಂದು ಮೆಲ್ಲಗೆ ಹೊರಬಂತು. ದಾರಿ ಮುಚ್ಚಿದ ಮೇಲೆ ಎಣ್ಣೆ ಹೋಗುವುದೆಲ್ಲಿಗೆ? ಕೇಸಿನ ಭುಜದ ಮೇಲೆ ಕುಳಿತು ಅದನ್ನೇ ಒಳಕ್ಕೆ ಅದುಮುತ್ತಿತ್ತು.

ಅತ್ತೆಗೆ ಶಾವಿಗೆ ತೋರಿಸಿದೆ.

"ನಾನು ಬೆಲ್ಲಕ್ಕೆ ಹೇಳ್ದೆ ಕಣವ್ವ," ಎಂದರು. "ಬೆಲ್ಲ ತಾನೇ ಬಂದು ಅಚ್ಚೊಳಗೆ ಕೂತ್ಕತದೆ, ಅದ್ಕೆ ಅಚ್ಚು ನೆನೆಸ್ತೀವಿ. ನೀನು ಗಟ್ಟಿ ಸಾಮಾನ ಬಲವಂತವಾಗಿ ತುರುಕ್ತಿದೀಯ. ನೆನೀಬೇಕಾದ್ದು ಯಾವ್ದು, ನೀನೇ ಹೇಳು?"

"ಕೇಸು."

"ಮತ್ತೆ? ಓದಿದೋಳು ನೀನು. ನನ್ನ ಮಾತು ಕೇಳ್ಕಂಡು ಮಾಡ್ಬುಟ್ಟು ಈಗ ನಂಗೇ ತೋರುಸ್ತಾಳೆ."

ಡೈ ಎಂಬ ಪದವನ್ನು ಅಚ್ಚು ಎಂದ ಕೂಡಲೇ ನನಗೆ ಅದು ಅರ್ಥವಾದಂತೆ ಅನ್ನಿಸಿಬಿಟ್ಟಿತ್ತು. ಅಂಕಲ್ ಮಾತನ್ನು ಅಳೆಯದೆ ನಂಬಿದ್ದೆ. ಅತ್ತೆ ಮಾತನ್ನೂ ಅಳೆಯದೆ ನಂಬಿದೆ. ನೋಟ್‌ಬುಕ್ಕಿನಲ್ಲಿ ಬರೆದೆ: ತುಂಬಿದವಳ ತಪ್ಪು, ಎರಡು. ಎರಡೂ ಒಂದೇ ತಪ್ಪು.

ಅಚ್ಚನ್ನು ಬಿಚ್ಚಿ ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿದೆ. ಕೇಸಿಗೇ ಎಂದು ಮಾಡಿದ ಮೇಣದ ಡಬ್ಬಿ ತಂದು, ಹೆಬ್ಬೆರಳು ತೋರುಬೆರಳಿಗೆ ಸವರಿಕೊಂಡು, ಕೇಸಿನ ಮೈಗೆ ಮಾತ್ರ ತೆಳ್ಳಗೆ ಉಜ್ಜಿದೆ. ಭುಜಕ್ಕೆ ಬೆರಳು ತಾಗಿಸಲಿಲ್ಲ. ಅಚ್ಚನ್ನು ಪ್ರೆಸ್ಸಿನಲ್ಲಿ ಬೇಕೆಂದೇ ಎತ್ತರದಲ್ಲಿಟ್ಟು ಒಂದು ಕೇಸು ಒತ್ತಿ ಅಳೆದೆ. ಭುಜ ಸರಿದಿರಲಿಲ್ಲ. ಕೂದಲೆಳೆಯಷ್ಟು ಕೆಳಗೆ ತಿರುಗಿಸಿ, ಒತ್ತಿ, ಅಳೆದೆ. ಹೀಗೆ ಹನ್ನೆರಡು ಸಲ. ಹನ್ನೆರಡನೆಯದಕ್ಕೆ ಭುಜ ಎರಡು ಥೌ ಹಿಂದೆ ಸರಿದಿತ್ತು. ಅದನ್ನು ಹಾಕಿದ ರೈಫಲ್ಲಿನ ಬೋಲ್ಟು ಒಂದು ಬೆರಳಿಗೆ ಮುಚ್ಚಿತು. ಅಚ್ಚು ಅಲುಗದಂತೆ ಹಿಡಿಯುವ ಉಂಗುರವನ್ನು ಅಲ್ಲೇ ಬಿಗಿದೆ. ಇಪ್ಪತ್ತು ಒತ್ತಿದೆ. ತಗ್ಗು, ಸೊನ್ನೆ. ಅಳತೆಯ ಅಂತರ ಅರ್ಧ ಥೌ ದಾಟಲಿಲ್ಲ. ಗ್ಯಾರೇಜಿನ ಶಾಖ, ಹದಿನಾಲ್ಕು.

ಆಮೇಲೆ ನನ್ನ ಆ ಐವತ್ತು ಕೇಸುಗಳ ಕಡೆ ತಿರುಗಿದೆ. ತುದಿ ಬಾಗಿಸಿದ ತಂತಿಯನ್ನು ಒಂದೊಂದರ ಒಳಗೂ ಇಳಿಸಿ ಬುಡದ ಹತ್ತಿರ ಗೀರಿ ನೋಡಿದೆ. ಅಲ್ಲಿ ಕಾಲುವೆಯಂತೆ ಸಿಕ್ಕರೆ ಹಿತ್ತಾಳೆ ತೆಳುವಾಗಿದೆ, ಕೇಸು ಹರಿಯುತ್ತದೆ ಎಂದರ್ಥ. ನಾಲ್ಕರಲ್ಲಿ ಅನುಮಾನ ಬಂತು. ನಾಲ್ಕನ್ನೂ ಇಕ್ಕಳದಲ್ಲಿ ಚಪ್ಪಟೆ ಮಾಡಿ ಎಸೆದೆ. ಉಳಿದದ್ದು ನಲವತ್ತಾರು. ಅವನ್ನು ಹೊಸ ಅಚ್ಚಿನಲ್ಲಿ ಒತ್ತಿ, ತುಂಬಿ, ಡಬ್ಬಿಯ ಮೇಲೆ ದಿನ, ತೂಕ, ಎಷ್ಟನೇ ತುಂಬಿಕೆ, ತುಂಬಿದವರು ಎಂದು ಬರೆದು ನನ್ನ ಹೆಸರು ಹಾಕಿದೆ.

ಜುಲೈ ಎರಡನೇ ಶನಿವಾರ ಸೇತುವೆ ದಾಟಿ, ಫ್ರೀವೇ ಬಿಟ್ಟು ಗುಡ್ಡ ಹತ್ತಿ ರೇಂಜು ಮುಟ್ಟಿದಾಗ ಎಂಟು ಗಂಟೆ. ಪಂದ್ಯ ನಡೆಸುವವಳ ಮೇಜಿನ ಮೇಲೆ ನನ್ನ ಡಬ್ಬಿ, ತೋಟಾದ ಅಳತೆ ನೋಡುವ ಗೇಜು, ನೋಟ್‌ಬುಕ್ಕು ಮೂರನ್ನೂ ಇಟ್ಟೆ. ಆಕೆ ನಲವತ್ತಾರನ್ನೂ ಒಂದೊಂದಾಗಿ ಗೇಜಿನೊಳಗೆ ಇಳಿಸಿದಳು. ನಲವತ್ತಾರೂ ಅಂಚಿಗೆ ಸರಿಯಾಗಿ ಕುಳಿತವು. ನೋಟ್‌ಬುಕ್ಕಿನ ಅಂಕಿಗಳನ್ನು ನಾನು ಓದಿ ಹೇಳಿದೆ. ಶಾವಿಗೆಯ ವಿಷಯವನ್ನೂ ಮುಚ್ಚಿಡಲಿಲ್ಲ. ಆಕೆ ನಕ್ಕು ಒಂದು ಫಾರಮ್ಮು ತೆಗೆದಳು. ತಡೆ ಹಾಕಿಸಿಕೊಂಡವರಿಗೆಂದೇ ಇರುವ ಫಾರಮ್ಮು. ಕೆಳಗೊಂದು ಗೆರೆ: ಯಾವ ಹಿರಿಯ ಸದಸ್ಯರ ಮೇಲ್ವಿಚಾರಣೆಯಲ್ಲಿ ತುಂಬಲಾಯಿತು?

ಅಂಕಲ್ ಪಕ್ಕದಲ್ಲೇ ನಿಂತಿದ್ದರು. ಜೇಬಿನಿಂದ ಪೆನ್ನು ತೆಗೆದರು. "ನಾನ್ ಹಾಕ್ತೀನಿ ಬಿಡಮ್ಮ. ಬರೀ ಫಾರ್ಮಾಲಿಟಿ."

"ಹಾಕ್ಬೇಡಿ ಅಂಕಲ್."

"ಅಯ್ಯೋ, ನಿನಗೇ ಒಳ್ಳೇದಕ್ಕೆ ಹೇಳ್ತಿರೋದು."

"ಗೊತ್ತು. ಆದ್ರೆ ನೀವು ಮೇಲ್ವಿಚಾರಣೆ ಮಾಡಿಲ್ಲ. ಈ ಅಚ್ಚು ಬೇಡ ಅಂದೋರು ನೀವು. ನಿಮ್ಮ ಹೆಸರು ಬಂದ್ರೆ ಸುಳ್ಳಾಗುತ್ತೆ."

ನಮ್ಮ ಕನ್ನಡ ಅರ್ಥವಾಗದಿದ್ದರೂ ಆಕೆಗೆ ವಿಷಯ ತಿಳಿಯಿತು. ಗೆರೆ ಖಾಲಿ ಬಿಟ್ಟರೆ ಈ ತೋಟಾ ಸಾಲಿಗೆ ಹೋಗುವಂತಿಲ್ಲ, ನಿಯಮ ನಾನು ಮಾಡಿದ್ದಲ್ಲ, ಕಾರಿನಲ್ಲಿ ಅಂಗಡಿಯ ತೋಟಾ ಇದ್ದರೆ ತಾ ಎಂದಳು. ಇತ್ತು. ತರಲಿಲ್ಲ. ಆ ದಿನ ಬೇರೆಯವರ ಅಂಕ ಬರೆಯುತ್ತ ಕುಳಿತೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಂಕಲ್ ನನ್ನ ಮೇಜಿನಿಂದ ಮೂರು ಮೇಜು ಆಚೆ ಕುಳಿತರು.

ಆಗಸ್ಟ್ ಎರಡನೇ ಶನಿವಾರ ಅದೇ ಡಬ್ಬಿ, ಅದೇ ಫಾರಮ್ಮು, ಅದೇ ಖಾಲಿ ಗೆರೆ. ಆಕೆ ತಲೆಯಾಡಿಸಿದಳು. ಮತ್ತೆ ಅಂಕ ಬರೆದೆ. ಅತ್ತೆ ಮನೆಯಲ್ಲಿ ಕೇಳಿದರು, "ಆ ಸಾರಿನ ಒಂದು ಸೈನ್‌ಗೆ ಎರಡು ತಿಂಗ್ಳು ಕೂತ್ಯಲ್ಲ, ಸಾಕಾಗಿಲ್ವಾ?" ಇಲ್ಲ ಎಂದೆ. "ಸರಿ, ಹಂಗಾದ್ರೆ ಕೂತ್ಕೋ," ಎಂದರು.

ಸೆಪ್ಟೆಂಬರ್ ಎರಡನೇ ಶನಿವಾರ ಆಕೆ ಫಾರಮ್ಮು ತೆಗೆಯಲಿಲ್ಲ. ಡಬ್ಬಿಯಿಂದ ತಾನೇ ಏಳು ತೋಟಾ ಆರಿಸಿಕೊಂಡು, ಸಾಲು ಖಾಲಿಯಿರುವಾಗಲೇ ನನ್ನನ್ನು ಕರೆದೊಯ್ದಳು. ಪಕ್ಕದಲ್ಲಿ ಮಂಡಿಯೂರಿ ಕುಳಿತು, ಏಳನ್ನೂ ಹಾರಿಸಲು ಹೇಳಿದಳು. ಪ್ರತಿ ಸಲ ಬೋಲ್ಟಿನ ಹಿಡಿಯನ್ನು ಎತ್ತಿದ್ದು ಅವಳ ಕಿರುಬೆರಳು. ಏಳನೆಯ ಖಾಲಿ ಕೇಸನ್ನು ಬೆಳಕಿಗೆ ಹಿಡಿದು ನೋಡಿ, ಮೇಜಿಗೆ ಮರಳಿ, ಫಾರಮ್ಮು ತೆಗೆದು, ತಾನೇ ಕಣ್ಣಾರೆ ನೋಡಿದೆ, ಕ್ಲಬ್ಬಿಗೆ ಅಷ್ಟು ಸಾಕು ಎಂದು ಆ ಗೆರೆಯ ಮೇಲೆ ಅಡ್ಡಗೀಟು ಎಳೆದಳು. ಆಮೇಲೆ ರೇಂಜಿನ ಪುಸ್ತಕ ತೆರೆದು ಏಪ್ರಿಲ್ಲಿನ ಸಾಲಿನ ಪಕ್ಕದಲ್ಲಿ ಸಣ್ಣಗೆ ಬರೆದಳು: ಕತ್ತಿನ ಅಚ್ಚು, ಐದನೇ ತುಂಬಿಕೆ, ಭುಜ ಬೆಳೆದದ್ದು. ತುಂಬಿದವರ ತಪ್ಪು ಎಂಬುದನ್ನು ಹೊಡೆದುಹಾಕಲಿಲ್ಲ. ನಾನೂ ಕೇಳಲಿಲ್ಲ. ತಪ್ಪು ನನ್ನದೇ. ಈಗ ಅದಕ್ಕೆ ಹೆಸರಿದೆ.

ಉಳಿದ ಮೂವತ್ತೊಂಬತ್ತರಲ್ಲಿ ಮೂವತ್ತು ಪಂದ್ಯಕ್ಕೆ ಸಾಕಾಯಿತು. ಇಪ್ಪತ್ತೆರಡು ಜನರಲ್ಲಿ ಹದಿನಾಲ್ಕನೆಯವಳಾದೆ. ಅಂಕಲ್ ಆರನೆಯವರು. ಅದೂ ಅಳತೆಯೇ, ಬರೆದುಕೊಂಡೆ. ಬಿಗಿ ಎಂಬ ಕಾಲಮ್ಮಿನಲ್ಲಿ ಸೊನ್ನೆ.

ಕಾರಿಗೆ ಸಾಮಾನು ತುಂಬುತ್ತಿದ್ದಾಗ ಅಂಕಲ್ ಬಂದು ಡಿಕ್ಕಿಯ ಪಕ್ಕ ನಿಂತರು.

"ಭುಜ ಎಷ್ಟು ಥೌ ಹಿಂದಕ್ಕೆ ತಳ್ಳಿದೀಯ?"

ಪರಿಚಯವಾದ ಮೂರು ವರ್ಷದಲ್ಲಿ ಅವರು ನನ್ನಲ್ಲಿ ಒಂದು ಅಳತೆ ಕೇಳಿದ್ದು ಅದೇ ಮೊದಲು.

"ಎರಡು," ಎಂದೆ. "ಆದ್ರೆ ಅದು ನನ್ನ ರೈಫಲ್ಲಿಗೆ ಅಂಕಲ್. ನಿಮ್ಮದನ್ನ ನೀವೇ ಅಳೀಬೇಕು."